ಯಮನೂರನ ಲಾಳಿ

ನಾನು ಒಂದು ಲಾಳಿ. ಮಗ್ಗದ ಎಳೆಗಳ ನಡುವೆ ಅತ್ತಿಂದಿತ್ತ ಓಡಿ ನೂಲು ಹಾಯಿಸುವುದು ನನ್ನ ಕೆಲಸ. ಗುಳೇದಗುಡ್ಡದ ಕಡೆಯ ಬಡಗಿಯೊಬ್ಬ ಬೀಟೆಯ ತುಂಡನ್ನು ದೋಣಿಯಂತೆ ಕೆತ್ತಿ, ತುದಿಗಳಿಗೆ ಕಬ್ಬಿಣದ ಮೊನೆ ಕೂರಿಸಿ, ಪಕ್ಕಕ್ಕೊಂದು ಸಣ್ಣ ಕಣ್ಣು ಕೊರೆದ. ಆ ಕಣ್ಣಿಗೆ ಬಾಯಿ ಹಚ್ಚಿ ಉಸಿರೆಳೆದರೆ ಒಳಗಿನ ನೂಲು ಹೊರಬರುತ್ತದೆ. ಅದಕ್ಕೇ ಒಬ್ಬರ ಲಾಳಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಎಂಜಲು.

ನನ್ನನ್ನು ಕೊಂಡವನು ಕುಪ್ಪಸದ ಖಣ ನೇಯಿಸುವ ಈರಬಸಪ್ಪ. ಕೊಟ್ಟದ್ದು ಕೂಲಿಗೆ ಬರುವ ಯಮನೂರನಿಗೆ. ಕೆಳಗೇರಿಯ ಹುಡುಗ, ಮೀಸೆ ಆಗಷ್ಟೇ ಕಪ್ಪಾಗಿತ್ತು. ಅವನ ಚಹಾ ಬಟ್ಟಲಿಗೆ ಹಿತ್ತಲಲ್ಲಿ ಬೇರೆ ಗೂಡು, ನನಗೂ ಅದೇ. ಅವನ ಕೈ ಮಾತ್ರ ಒಳಗಿನ ಮಗ್ಗಕ್ಕೆ ಬೇಕಿತ್ತು.

ಈರಬಸಪ್ಪನ ಹೆಂಡತಿ ಗುರುಬಾಯಿಗೆ ತನ್ನದೇ ಮಗ್ಗ, ತನ್ನದೇ ಲಾಳಿ. ಯಮನೂರನಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ಸುತ್ತಿ, ಕೈಗೆ ಕೈ ತಾಗದಂತೆ ಮೇಲಿನಿಂದ ಎಸೆಯುತ್ತಿದ್ದಳು. ಗಂಡ ಪೇಟೆಗೆ ಹೋದ ಒಂದು ಮಧ್ಯಾಹ್ನ ಎಸೆಯಲಿಲ್ಲ. ನನ್ನನ್ನೇ ಎತ್ತಿ, ಕಂಡಿಕೆ ಕೂರಿಸಿ, ಬಾಯಿಗಿಟ್ಟಳು.

"ಅಕ್ಕಾರ, ಅದು ನಂದ್ರೀ!"

"ಗೊತ್ತೈತಿ. ಮಗ್ಗ ನಿಲ್ಲಿಸಬ್ಯಾಡೋ, ಓಣಿ ಕಿವಿ ಎಲ್ಲಾ ಇತ್ತ ಅದಾವು."

ಆಮೇಲೆ ಗಂಡನಿಲ್ಲದಾಗೆಲ್ಲ ಅವಳು ಎಳೆದದ್ದನ್ನು ಅವನು ನೇಯ್ದ.

"ದೀವಳಿಗಿ ಖಣ ಮುಗೀಲಿ, ಸೊಲ್ಲಾಪುರಕ್ಕ ಹೋಗೂಣು," ಎಂದ ಒಮ್ಮೆ. "ಅಲ್ಲಿ ಮಗ್ಗ ಅದಾವು. ಕೇರಿ ಯಾವ್ದು ಅಂತ ಕೇಳೂದಿಲ್ಲ."

"ಕೇಳಿದ್ರ ನನ್ನ ಗಂಡ ಅಂತೀನಿ, ಅಷ್ಟ," ಎಂದು ನಕ್ಕಳು.

ದೀಪಾವಳಿ ಹತ್ತಿರವಿತ್ತು. ಈರಬಸಪ್ಪ ಎದುರಿಗೇ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. ಯಮನೂರನ ನೂಲು ತೀರಿತು. ಗುರುಬಾಯಿ ರೂಢಿಯಂತೆ ನನ್ನನ್ನೆತ್ತಿ ಬಾಯಿಗಿಟ್ಟಳು. ಜಗಿಯುವ ದವಡೆ ನಿಂತಿತು.

ಅವನ ಕೂಗಿಗೆ ಓಣಿಯೇ ಪಡಸಾಲೆಗೆ ಬಂತು. ಯಮನೂರ ಮುಂದೆ ಬಂದು, "ಅಕ್ಕಾರಿಗೆ ಗೊತ್ತಿಲ್ರೀ. ಅವರ ಲಾಳಿ ಜಾಗಾದಾಗ ನಾನ ನಂದು ಇಟ್ಟಿದ್ದೆ," ಎಂದ.

"ಹೌದೇನ?" ಗಂಡ ಹೆಂಡತಿಯನ್ನು ಕೇಳಿದ.

ಅವಳು ಬಾಗಿಲ ಕಡೆ ನೋಡಿದಳು. ಬಾಗಿಲ ತುಂಬ ಜನ.

"ಹೌದು."

"ಹಂಗಾರ ನಿನ್ನ ಬಾಯಿ ಕೆಡಿಸಿದವನ ಬಾಯಿ ನೀನ ಒಡಿ." ನನ್ನನ್ನು ಅವಳ ಕೈಗಿಟ್ಟ.

ಮೊದಲ ಏಟು ಮೆಲ್ಲಗೆ ಬಿತ್ತು. "ಏ, ಸೊಳ್ಳಿ ಹೊಡಿಯಾಕತ್ತಿ ಏನ?" ಎಂದ ಗಂಡ. ಜನ ನಕ್ಕರು. ಅವಳು ಕಣ್ಣು ಮುಚ್ಚಿ ಮತ್ತೆ ಬೀಸಿದಳು. ನನ್ನ ಮೊನೆ ಹಲ್ಲು ಮುರಿದು ತುಟಿ ಸೀಳಿತು.

"ಸಾಕ್ರೀ ಅಕ್ಕಾರ," ಎಂದ ಯಮನೂರ.

ಅವನು ಒಬ್ಬನೇ ಸೊಲ್ಲಾಪುರಕ್ಕೆ ಹೋದನಂತೆ. ಹರಿದ ತುಟಿಯಲ್ಲಿ ಉಸಿರು ನಿಲ್ಲುವುದಿಲ್ಲ, ಲಾಳಿಯ ನೂಲು ಎಳೆಯಲಾರದೆ ಮೂಟೆ ಹೊರುತ್ತಾನಂತೆ. ಇಲ್ಲಿ ಮಗ್ಗಕ್ಕೆ ಗೋಮೂತ್ರ ಚಿಮುಕಿಸಿದರು, ನನ್ನನ್ನು ತಿಪ್ಪೆಗೆಸೆದರು. ಅವನು ಅರ್ಧ ನೇಯ್ದ ಖಣಕ್ಕೆ ಮಾತ್ರ ಯಾವ ಮೈಲಿಗೆಯೂ ತಟ್ಟಲಿಲ್ಲ. ಗುರುಬಾಯಿ ಅದನ್ನು ಮುಗಿಸಿದಳು. ಒಳ್ಳೆಯ ಬೆಲೆಗೆ ಹೋಯಿತು.

ಈಗ ನನ್ನ ಮೊನೆಗೆ ತುಕ್ಕು, ಮೈಗೆ ಗೆದ್ದಲು. ನಾನು ಮರ, ಬೀಸಿದತ್ತ ಹೋದೆ. ನನಗೆ ಕೈಗಳಿರಲಿಲ್ಲ. ಆ ಪಡಸಾಲೆಯ ತುಂಬ ಕೈಗಳಿದ್ದವು. ಕಟ್ಟಿಕೊಂಡು ನಿಂತಿದ್ದವು.