ಹೋಂವರ್ಕಿಗೂ ಮುಯ್ಯಾಳು

ನನಗೆ ಸಿಟ್ಟು ಬೇಗ ಬರುತ್ತದೆ. ಖಾಲಿ ನೋಟ್‌ಬುಕ್ ಕಂಡರಂತೂ ಮೂಗಿನ ತುದಿಗೇ ಬಂದು ಕೂರುತ್ತದೆ. ನಾಗನೂರಿನ ಆಚೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ, ಹೆಸರು ಲಖನ. ಎಂಟನೆಯ ತರಗತಿಯ ಮಕ್ಕಳು ಹೋಂವರ್ಕ್ ಎಂಬುದನ್ನು ನಾನು ಹೇಳುವ ಒಂದು ಹಳೆಯ ಕಥೆ ಎಂದುಕೊಂಡಿದ್ದರು. ಬೈದು ನೋಡಿದೆ, ಬಾಗಿಲಲ್ಲಿ ನಿಲ್ಲಿಸಿ ನೋಡಿದೆ, ಏನೂ ನಡೆಯಲಿಲ್ಲ. ಕೊನೆಗೆ ಒಂದು ಕಾನೂನು ಮಾಡಿದೆ. ಹೋಂವರ್ಕ್ ಮಾಡದವರಿಗೆ ಆಟವಿಲ್ಲ.

ಈ ಕಾನೂನಿಗೆ ಮೊದಲು ಸಿಕ್ಕಿಬಿದ್ದವಳು ಭಾಗ್ಯಾ, ನಮ್ಮ ಖೋ ಖೋ ತಂಡದ ನಾಯಕಿ. ಅಂಕಣದಲ್ಲಿ ಅವಳನ್ನು ಹಿಡಿಯುವುದು ಕಷ್ಟ, ಲೆಕ್ಕದ ಮುಂದೆ ಕೂರಿಸುವುದು ಇನ್ನೂ ಕಷ್ಟ. ಶನಿವಾರ ಮೂಡಲಗಿಯಲ್ಲಿ ಪಂದ್ಯವಿತ್ತು. ಹೋದ ವರ್ಷ ಅಲ್ಲಿ ಒಂದೇ ಅಂಕದಿಂದ ಸೋತು ಟೆಂಪೋದಲ್ಲಿ ಊರು ಬರುವವರೆಗೂ ಅತ್ತಿದ್ದ ಹುಡುಗಿ ಅವಳು. ಈ ವರ್ಷ ಗೆದ್ದೇ ಗೆಲ್ಲುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

"ಶುಕ್ರವಾರದೊಳಗ ಒಂದ ಲೆಕ್ಕ ಸ್ವಂತ ಬುದ್ಧಿಲೆ ಮಾಡ್ಕೊಂಡ ಬಾ," ಎಂದೆ. "ಇಲ್ಲಂದ್ರ ಶನಿವಾರ ತಂಡ ಮೂಡಲಗ್ಯಾಗ, ನೀ ಸಾಲ್ಯಾಗ."

ಆಟದ ಶಿಕ್ಷಕಿ ಅರ್ಚನಾ ಮೇಡಮ್ ಅಂದಿನಿಂದ ನನ್ನೊಡನೆ ಮಾತು ಬಿಟ್ಟರು. ನಾನು ಜಗ್ಗಲಿಲ್ಲ.

ಮಂಗಳವಾರ ಪಾಲಕರ ಸಭೆ. ಮನೆಯವರ ಬೆಂಬಲವಿಲ್ಲದೆ ಹೋಂವರ್ಕ್ ಆಗುವುದಿಲ್ಲ ಎಂದು ನಾನು ಉದ್ದಕ್ಕೆ ಭಾಷಣ ಮಾಡಿದೆ. ಭಾಗ್ಯಾಳ ಅಪ್ಪ ಅಣ್ಣಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ ಎದ್ದು ನಿಂತ.

"ನಾ ಸಾಲಿ ಕಲ್ತದ್ದ ನಾಕನೇ ಇಯತ್ತೆ, ಸರ. ನಾ ಏನ್ ಹೇಳಿಕೊಡ್ಲಿ?"

"ನೀವೇನೂ ಹೇಳಿಕೊಡಬ್ಯಾಡ್ರಿ. ಸುಮ್ಮ ಬಾಜೂಕ ಕುಂಡ್ರರಿ, ಸಾಕು. ಮಾಡೂದು ಅಕಿ ಮಾಡ್ಲಿ."

"ಅರಿಷಿಣದ ಕಸ ತಗಿಯೂ ದಿನಾ ಇವು. ಕುಂಡ್ರಾಕ ಎಲ್ಲಿ ಪುರಸೊತ್ತ ಐತ್ರಿ? ಮುಯ್ಯಾಳ ಹಚ್ಚಿದ್ರ ನಡೀತೈತೇನ್ರಿ?"

ಅಷ್ಟರಲ್ಲಿ ಚಹಾ ಬಂತು. ಚಹಾ ಬಂದಾಗ ನನ್ನ ತಲೆ ಬೇರೆ ಕಡೆ ಕೆಲಸ ಮಾಡುವುದಿಲ್ಲ. "ಏನರೆ ಮಾಡ್ರಿ, ಅಭ್ಯಾಸ ಆದ್ರ ಆತು," ಎಂದುಬಿಟ್ಟೆ.

ಮುಯ್ಯಾಳು ಎಂದರೆ ನಮ್ಮ ಕಡೆ ದೊಡ್ಡ ಮಾತು. ಇಂದು ನಿಮ್ಮ ಮನೆಯವರು ನನ್ನ ಹೊಲಕ್ಕೆ ಬಂದು ದುಡಿಯಬೇಕು, ನಾಳೆ ನನ್ನ ಮನೆಯವರು ನಿಮ್ಮ ಹೊಲಕ್ಕೆ. ಪಗಾರದ ಮಾತಿಲ್ಲ, ಆದರೆ ತಿರುಗಿ ಬಾರದವನಿಗೆ ಊರಲ್ಲಿ ತಲೆ ಎತ್ತಿ ತಿರುಗುವುದು ಕಷ್ಟ. ಇದನ್ನು ಬೀಜಗಣಿತಕ್ಕೂ ಹಚ್ಚಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಬುಧವಾರ ಲೆಕ್ಕ ಕೊಟ್ಟೆ. ರಾಜಪ್ಪನು ಒಂದು ಹೊಲವನ್ನು ಆರು ದಿನಗಳಲ್ಲಿ ಉಳುತ್ತಾನೆ. ಗುರುಲಿಂಗಪ್ಪನು ಅದೇ ಹೊಲವನ್ನು ಮೂರು ದಿನಗಳಲ್ಲಿ ಉಳುತ್ತಾನೆ. ಇಬ್ಬರೂ ಸೇರಿ ಉತ್ತರೆ ಎಷ್ಟು ದಿನ ಬೇಕು? ಹೆಸರುಗಳು ಆ ಹೊತ್ತಿಗೆ ಬಾಯಿಗೆ ಬಂದವು, ಅಷ್ಟೇ.

ಗುರುವಾರ ಪವಾಡ ನಡೆದಿತ್ತು. ಒಂದು ನೋಟ್‌ಬುಕ್ಕೂ ಖಾಲಿ ಇರಲಿಲ್ಲ. ಖುಷಿಯಿಂದ ಮೊದಲನೆಯದನ್ನು ತೆರೆದೆ. "ಉತ್ತರ: ಐದು ದಿನ. ಎರಡು ಜೋಡಿ ಒಂದೇ ಹೊಲಕ್ಕೆ ಇಳಿದರೆ ಮೊದಲ ದಿನ ಮಾತಿನಲ್ಲಿಯೇ ಹೋಗುತ್ತದೆ. ಆಮೇಲೆ ಮೂರು ದಿನ ಕೆಲಸ. ನಡುವೆ ಸೋಮವಾರ ಬರುತ್ತದೆ, ಅಂದು ಎತ್ತು ಹೂಡುವುದಿಲ್ಲ." ಎರಡನೆಯದರಲ್ಲೂ ಐದು ದಿನ, ಮೂರನೆಯದರಲ್ಲೂ ಅದೇ. ಒಬ್ಬನಂತೂ ಗುರುಲಿಂಗಪ್ಪನ ಎಡಗಡೆಯ ಎತ್ತು ಕುಂಟುತ್ತದೆ ಎಂದು ಟಿಪ್ಪಣಿಯನ್ನೂ ಬರೆದಿದ್ದ. ಭಾಗ್ಯಾಳದ್ದೂ ಐದೇ ದಿನ.

"ಇದನ್ನ ಯಾರ್ ಮಾಡ್ಯಾರ?" ಎಂದು ಕೇಳಿದೆ.

"ಮುಯ್ಯಾಳ ಮಾಡ್ಯಾರ್ರಿ," ಎಂದಳು ಭಾಗ್ಯಾ. "ನೀವ ನಡೀತೈತಿ ಅಂದಿದ್ರಂತ."

ನನ್ನ ಕಿವಿ ಬಿಸಿಯಾಯಿತು. ಸಾಲೆ ಬಿಟ್ಟ ಕೂಡಲೆ ಬೈಕ್ ಹತ್ತಿ ನೇರ ಅಣ್ಣಪ್ಪನ ಮನೆಗೆ ಹೋದೆ.

ಅಂಗಳದ ತುಂಬ ತಾಡಪತ್ರಿ ಹಾಸಿದ್ದರು. ಓಣಿಯ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಒಬ್ಬೊಬ್ಬ ಹಿರಿಯರು. ಭಾಗ್ಯಾಳ ಅವ್ವ ಶಿವಗಂಗವ್ವ ಸುಗ್ಗಿಗೆ ಬಂದ ಆಳುಗಳಿಗೆ ಕೊಡುವಂತೆ ರೊಟ್ಟಿ, ಶೇಂಗಾ ಚಟ್ನಿ ಹಂಚುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಒಬ್ಬ ದಪ್ಪ ಮೀಸೆಯವನು ನನ್ನೆದುರು ಬಂದು ನಿಂತ.

"ಸರ, ನಾ ರಾಜಪ್ಪ. ನಾ ಯಾವಾಗ ಆರ ದಿನಾ ತಗೊಂಡೇನ್ರಿ?"

"ಅಂವ ಬ್ಯಾರೆ ರಾಜಪ್ಪರಿ. ಲೆಕ್ಕದಾಗಿನಾಂವ."

"ಈ ಊರಾಗ ಇರಾಂವ ನಾ ಒಬ್ಬನ ರಾಜಪ್ಪ. ಮಗಳಿಗೆ ವರಾ ನೋಡಾಕತ್ತೇವಿ. ಬೀಗರ ಕಿವಿಗೆ ಬಿದ್ರ ಮೈಗಳ್ಳನ ಮನಿ ಅಂತಾರ."

ಎಷ್ಟು ಹೇಳಿದರೂ ಆತ ಕೇಳಲಿಲ್ಲ. ಕೊನೆಗೆ ಸಾಕಾಗಿ ಲೆಕ್ಕವನ್ನೇ ತಿರುಗಿಸಿದೆ, ರಾಜಪ್ಪನಿಗೆ ಮೂರು ದಿನ, ಗುರುಲಿಂಗಪ್ಪನಿಗೆ ಆರು. ಪುಣ್ಯಕ್ಕೆ ಗುರುಲಿಂಗಪ್ಪ ಅಂದು ಯಮಕನಮರಡಿಗೆ ಹೋಗಿದ್ದ. ರಾಜಪ್ಪ ಸಮಾಧಾನವಾಗಿ ಕೂತು ರೊಟ್ಟಿ ಮುರಿದ.

"ಈಗ ಭಾಗ್ಯಾ ಒಬ್ಬಾಕಿನ ಮಾಡಬೇಕು," ಎಂದೆ. "ಯಾರೂ ಪಿಟಕ್ ಅನಬಾರ್ದು. ಆದ್ರ ಮೂಡಲಗಿ, ಇಲ್ಲಂದ್ರ ಇಲ್ಲ."

"ಸೋಮವಾರ ಹಿಡೀಬೇಕೋ ಬಿಡಬೇಕೋ?" ಎಂದ ಅಣ್ಣಪ್ಪ.

"ಈ ಲೆಕ್ಕದಾಗ ಸೋಮವಾರ ಇಲ್ರಿ."

"ಸೋಮವಾರ ಇಲ್ಲದ ವಾರ ಎಲ್ಲಿ ಐತೋ ನಮ್ಮಪ್ಪಾ," ಎಂದಳು ಶಿವಗಂಗವ್ವ. "ನಮ್ಮ ಮನ್ಯಾಗ ಟ್ಯಾಕ್ಟರ್ ಸುದ್ದಾ ಸೋಮವಾರ ನಿಂದರತೈತಿ."

ಆಮೇಲೆ ಎಲ್ಲರೂ ಸುಮ್ಮನಾದರು. ಸುಮ್ಮನಿರುವುದು ಅವರಿಗೆ ಎಷ್ಟು ಕಷ್ಟವೆಂದು ಮುಖಗಳೇ ಹೇಳುತ್ತಿದ್ದವು. ರಾಜಪ್ಪ ಟವೆಲಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡ. ಭಾಗ್ಯಾ ಪೆನ್ಸಿಲ್ ಕಚ್ಚಿದಳು, ಬರೆದಳು, ಒರೆಸಿದಳು, ಮತ್ತೆ ಬರೆದಳು. ಅವಳ ಕಣ್ಣಂಚಿನಲ್ಲಿ ನೀರು ಕಂಡಾಗ ನನಗೆ ನನ್ನ ಕಾನೂನಿನ ಮೇಲೆಯೇ ಸಿಟ್ಟು ಬಂತು. ಹೇಳಿಕೊಟ್ಟುಬಿಡೋಣವೆಂದು ನಾಲಿಗೆ ತುರಿಸಿತು. ಪಿಟಕ್ ಅನ್ನಬಾರದೆಂದವನು ನಾನೇ, ಹಾಗಾಗಿ ಒಂದು ರೊಟ್ಟಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ಇದ್ದಕ್ಕಿದ್ದಂತೆ ಭಾಗ್ಯಾ ತಾಡಪತ್ರಿಯಿಂದ ಎದ್ದು ಮಣ್ಣಿನಲ್ಲಿ ಕಡ್ಡಿಯಿಂದ ಒಂದು ಹೊಲ ಗೀಚಿದಳು. ಅದನ್ನು ಆರು ಪಟ್ಟಿ ಮಾಡಿದಳು.

"ರಾಜಪ್ಪ ಕಾಕಾ ದಿನಕ್ಕ ಎರಡ ಪಟ್ಟಿ," ಎಂದು ತನಗೆ ತಾನೇ ಹೇಳಿಕೊಂಡಳು. "ಗುರುಲಿಂಗಪ್ಪ ಕಾಕಾ ಒಂದ. ಕೂಡಿ ಮೂರ. ಆರ ಪಟ್ಟಿಗೆ ಎರಡ ದಿನ. ಹೌದಲ್ರಿ ಸರ?"

ಬಾಯಲ್ಲಿ ರೊಟ್ಟಿ ಇತ್ತು, ಆದರೂ ಶಾಬಾಸ್ ಎಂದು ಕೂಗಿದೆ. ಎಷ್ಟೋ ವರ್ಷಗಳಿಂದ ಮಾಸ್ತರಿಕೆ ಮಾಡುತ್ತಿದ್ದೇನೆ, ಅಷ್ಟು ಖುಷಿ ಯಾವಾಗಲೂ ಆಗಿರಲಿಲ್ಲ. ಓಣಿಯ ಹಿರಿಯರಿಗೆ ಮಾತ್ರ ಉತ್ತರ ಒಪ್ಪಿಗೆಯಾಗಲಿಲ್ಲ.

"ಎರಡ ದಿನದಾಗ ಆಗೂದಿಲ್ಲ ಅದು," ಎಂದ ಅಣ್ಣಪ್ಪ. "ಹುಡುಗೀನ ಆಟಕ್ಕ ಬಿಡ್ತಾರಂದ್ರ ಎರಡ ಇರ್ಲಿ ಬಿಡು."

ನಾನು ಬೈಕ್ ಹತ್ತುವಾಗ ಆತ ಹ್ಯಾಂಡಲ್ ಹಿಡಿದುಕೊಂಡ. "ಲೆಕ್ಕ ನಿಮ್ದು, ಆಳು ನಮ್ವು. ರೊಟ್ಟೀನೂ ತಿಂದ್ರಿ. ಮುಯ್ಯಾ ನಿಮ್ಮ ಮ್ಯಾಲ ಬಂತ್ರಿ ಸರ. ಐತವಾರ ಮುಂಜಾನೆ ಹೊಲಕ್ಕ ಬರ್ರಿ."

ನಗೆಯಾಡುತ್ತಿದ್ದಾನೆ ಎಂದುಕೊಂಡು ತಲೆಯಾಡಿಸಿದೆ.

ಶನಿವಾರ ಮೂಡಲಗಿಗೆ ನಾನೂ ಹೋದೆ. ಭಾಗ್ಯಾ ಕೊನೆಯ ಸರದಿಯಲ್ಲಿ ಕಂಬ ಸುತ್ತಿ ಸುತ್ತಿ ಎದುರಾಳಿಗಳ ಉಸಿರು ಹಾರಿಸಿದಳು, ಯಾರ ಕೈಗೂ ಸಿಗಲಿಲ್ಲ. ಗೆದ್ದೆವು. ಅರ್ಚನಾ ಮೇಡಮ್ ನನ್ನೊಡನೆ ಮಾತಾಡಿದರು. ಟೆಂಪೋದಲ್ಲಿ ಈ ಸಲ ಅತ್ತವನು ನಾನೊಬ್ಬನೇ.

ಐತವಾರ ಮುಂಜಾನೆ ಕೊಣ್ಣೂರಿನ ನನ್ನ ಮನೆಯ ಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. ಅಣ್ಣಪ್ಪ ಕೆಳಗಿಳಿಯದೆ ಕೂತಲ್ಲಿಂದಲೇ ಕೈ ಮುಗಿದ. ನನ್ನ ಅವ್ವ ಉದ್ದವ್ವ ಸಂಗತಿ ಕೇಳಿ ಬಿದ್ದು ಬಿದ್ದು ನಕ್ಕಳು, ನನಗೊಂದು ಹಳೆಯ ಅಂಗಿ ಹುಡುಕಿ ಕೊಟ್ಟಳು.

ಹೊಲದಲ್ಲಿ ನನ್ನ ಕೈಗೆ ಕಸ ಕೀಳುವ ಕುರ್ಪಿ ಕೊಟ್ಟು ಅರಿಷಿಣದ ಒಂದು ಸಾಲು ತೋರಿಸಿದರು. ಭಾಗ್ಯಾ ಬದುವಿನ ಮೇಲೆ ಕೊಡೆ ಹಿಡಿದು ಕೂತಳು.

"ನೀನೂ ಬಾರವ್ವಾ," ಎಂದೆ.

"ನಾ ಏನೂ ಮಾಡೂದಿಲ್ರಿ ಸರ. ಸುಮ್ಮ ಬಾಜೂಕ ಕುಂಡ್ರತೇನಿ. ಮಾಡೂದು ನೀವ ಮಾಡಬೇಕು."

ಮಧ್ಯಾಹ್ನದ ಹೊತ್ತಿಗೆ ಸೊಂಟ ನನ್ನದಲ್ಲ ಎನಿಸಿತು. ಪಕ್ಕದ ಸಾಲಿನ ರಾಜಪ್ಪನಿಗೆ ಸ್ವಲ್ಪ ಕೈ ಹಾಕು ಎಂದು ಸನ್ನೆ ಮಾಡಿದೆ. "ಸ್ವಂತ ಮಾಡ್ರಿ ಸರ," ಎಂದು ಬದುವಿನಿಂದ ಧ್ವನಿ ಬಂತು. ಸಂಜೆ ಭಾಗ್ಯಾ ಕೆಳಗಿಳಿದು ನನ್ನ ಸಾಲನ್ನು ತುದಿಯವರೆಗೆ ನೋಡಿದಳು. ಕಸದ ಜೊತೆಗೆ ನಾನು ಕಿತ್ತಿದ್ದ ಅರಿಷಿಣದ ಗಿಡಗಳನ್ನು ಎತ್ತಿ ಬದುವಿನ ಮೇಲೆ ಸಾಲಾಗಿ ಇಟ್ಟಳು.

"ಅರ್ಧಾನೂ ಆಗಿಲ್ರಿ, ಆಗಿದ್ರಾಗ ತಪ್ಪ ಭಾಳ ಅದಾವು," ಎಂದಳು. "ನಾಳೆ ಸಾಲಿಗಿಂತ ಮೊದ್ಲ ಬಂದ ಪೂರಾ ಮಾಡ್ರಿ. ಬರುವಾಗ ನಿಮ್ಮ ಅವ್ವಾರ ಸಹಿ ತಗೊಂಡ ಬರ್ರಿ."

ನನಗೆ ತಟ್ಟನೆ ಒಂದು ದಾರಿ ಹೊಳೆಯಿತು. "ನಾಳೆ ಸೋಮವಾರ ಅಲ್ಲೇನ್ರಿ," ಎಂದು ಅಣ್ಣಪ್ಪನ ಮುಖ ನೋಡಿದೆ.

ಅಣ್ಣಪ್ಪ ನನ್ನ ಕೈಯಿಂದ ಕುರ್ಪಿ ತೆಗೆದುಕೊಂಡು ಮಣ್ಣು ಒರೆಸಿದ.

"ಸೋಮವಾರ ರಜಾ ಎತ್ತಿಗ್ರಿ ಸರ," ಎಂದ. "ಮಾಸ್ತರಗ ಅಲ್ಲ."