ಕಳಶ ಹೊತ್ತ ಪೈಪು

"ಆ ಕಡೆ ಉಗುಳಿದ್ದು ಈ ಕಡೆ ಹೆಂಗ ಬಂತು?"

ಬಚ್ಚಲಮನೆಯಲ್ಲಿ ಶಿವಬಸಮ್ಮ ಒಬ್ಬಳೇ ಇದ್ದಳು. ಕೇಳಿದ್ದು ಗೋಡೆಯನ್ನೋ, ಗೋಡೆಗೆ ಅಂಟಿದ ಎರಡು ಬಿಳಿ ಬೇಸಿನ್ನುಗಳನ್ನೋ ಅವಳಿಗೇ ತಿಳಿಯದು. ಎಡಗಡೆಯ ಬೇಸಿನ್ನಿನಲ್ಲಿ ಅಮೀನ್‌ಸಾಬ್ ಆಗತಾನೇ ಊಟದ ಬಾಯಿ ಮುಕ್ಕಳಿಸಿ ಕಟ್ಟೆಗೆ ಹೋಗಿ ಕೂತಿದ್ದ. ಬಲಗಡೆಯದರಲ್ಲಿ ಅರ್ಧ ಬೇಸಿನ್ ನೀರು ಏರಿ ನಿಂತಿತ್ತು. ಅದರ ಮೇಲೆ ಒಂದು ಚೂರು ಪುಂಡಿಪಲ್ಯ ಹಾಯಾಗಿ ತೇಲುತ್ತಿತ್ತು.

ಬಲಗಡೆಯದು ಮನೆಯವರದು, ಎಡಗಡೆಯದು ಹೊರಗಿನ ಮಂದಿಯದು. ಈ ಕಟ್ಟಳೆ ಅವಳ ಗಂಡ ಕರಿಬಸಪ್ಪನದು.

ಕಾಲುವೆ ಬರುತ್ತದೆಂಬ ಸುದ್ದಿ ಹಿಡಿದು ಮಸ್ಕಿ ಬಿಟ್ಟು ಸಿಂಧನೂರಿಗೆ ಬಂದು ಹೊಸ ಮನೆ ಕಟ್ಟಿಸಿದವನು ಕರಿಬಸಪ್ಪ. ಹೈದರಾಬಾದಿನ ಯಾವುದೋ ಹೋಟೆಲಿನಲ್ಲಿ ಜೋಡಿ ಬೇಸಿನ್ ನೋಡಿದ್ದೇ ತಡ, ಅವನಿಗೆ ಹುಚ್ಚು ಹತ್ತಿತು. ಊರಿಗೆ ಇನ್ನೂ ನಳ ಬಂದಿರಲಿಲ್ಲ. ಕರಿಬಸಪ್ಪನ ಬಚ್ಚಲಿಗೆ ಎರಡು ನಳ ಬಂದವು. ಬಾವಿಯಿಂದ ಕೊಡ ಹೊತ್ತು, ಮಾಳಿಗೆ ಹತ್ತಿ, ನೀರಿನ ಟಾಕಿ ತುಂಬುವವಳು ಶಿವಬಸಮ್ಮ. "ನೋಡ್ರಿ, ನೀರು ತಾನ ಬರ್ತೈತಿ!" ಎಂದು ನಳ ತಿರುವಿ ತೋರಿಸುವವನು ಅವನು.

ಮುಂಜಾನೆ ಹಣೆತುಂಬ ವಿಭೂತಿ ಬಳಿದು ಶರಣರ ಮಾತು ಹಾಡಲು ಕೂತರೆ ಅವನ ದನಿ ಓಣಿಯ ತುದಿ ಮುಟ್ಟಬೇಕು. ಮೇಲುಕೀಳಿಲ್ಲ ಎಂಬಲ್ಲಿಗೆ ಬಂದಾಗಲಂತೂ ಕಂಬದ ಗುಬ್ಬಿಗಳೂ ಹಾರಿಹೋಗುತ್ತಿದ್ದವು. ಶಿವಬಸಮ್ಮ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಹಾಡುವವನಿಗೆ ಹಾಡು ಗಂಟಲಲ್ಲೇ ಉಳಿಯುತ್ತಿತ್ತು; ಕೇಳುವವಳಿಗೆ ಒಳಗಿಳಿಯುತ್ತಿತ್ತು.

ಅಮೀನ್‌ಸಾಬ್ ಮಸ್ಕಿಯ ಬಳೆಗಾರ. ಸಂತೆಗೆ ಬಂದಾಗಲೆಲ್ಲ ಅವನ ಊಟ ಇಲ್ಲೇ. ರಜಾಕಾರರ ಗಲಾಟೆಯ ಕಾಲದಲ್ಲಿ ಗಂಡಹೆಂಡತಿ ಇಬ್ಬರನ್ನೂ ತನ್ನ ಒಳಕೋಣೆಯಲ್ಲಿ ಬಚ್ಚಿಟ್ಟು ಕಾದವನು ಅವನು. ಅವನ ಹೆಂಡತಿ ಚಾಂದ್‌ಬೀ ಕೊಟ್ಟ ರೊಟ್ಟಿಯನ್ನು ಕರಿಬಸಪ್ಪ ಎರಡೂ ಕೈಯಿಂದ ಮುರಿದು ತಿಂದಿದ್ದ, ಅವರದೇ ಕೊಡದ ನೀರು ಗಟಗಟ ಕುಡಿದಿದ್ದ. ಕೊಡ ಯಾರದೆಂದು ಆಗ ಕೇಳಿರಲಿಲ್ಲ. ಜೀವ ಗಂಟಲಿಗೆ ಬಂದಾಗ ಮಡಿ ಅಲ್ಲಿ ಎಲ್ಲಿ ಹಿಡಿಸೀತು!

ಈ ಮನೆಯ ಬೇಸಿನ್ನುಗಳನ್ನು ಮೊದಲ ಸಲ ನೋಡಿದಾಗ ಅಮೀನ್‌ಸಾಬ್ ನಕ್ಕಿದ್ದ. "ಎರಡು ಯಾಕ್ರೀ ಸಾವ್ಕಾರ್ರ? ಹೊಸಾ ಮನಿಗೆ ಬಂದಮ್ಯಾಲ ನಾಕು ಕೈ ಮೂಡ್ಯಾವೇನು?"

ಕರಿಬಸಪ್ಪ ಮಾಳಿಗೆಯ ತೊಲೆ ಎಣಿಸುವವನಂತೆ ಮೇಲೆ ನೋಡಿದ್ದ. ಅಮೀನ್‌ಸಾಬನ ನಗೆ ತಾನೇ ಆರಿತು. ಯಾರೂ ಹೇಳದೆ ಅವನು ಎಡಗಡೆಯದಕ್ಕೆ ಹೋಗಿ ಕೈ ತೊಳೆದ. ಆವತ್ತೇ ಶಿವಬಸಮ್ಮನ ಎದೆಯಲ್ಲಿ ಮುಳ್ಳು ಮುರಿದಿತ್ತು. ಇಂಥ ಇನ್ನೊಂದು ಅವಮಾನವಾದರೆ, ತಾನು ಅಣ್ಣ ಎಂದು ಕರೆಯುವ ಇವನು ಮತ್ತೆ ಹೊಸ್ತಿಲು ತುಳಿಯಲಾರ ಎಂದು ಅವಳಿಗೆ ಗೊತ್ತಿತ್ತು.

ಈಗ ಅವಳು ಒಂದು ತಂಬಿಗೆ ನೀರನ್ನು ಎಡಗಡೆಯ ಬೇಸಿನ್ನಿಗೆ ಸುರಿದಳು. ಬಲಗಡೆಯದು ಗುಳುಗುಳು ಅಂದು ಇನ್ನಷ್ಟು ಉಬ್ಬಿತು. ಚಿಮಣಿ ಎಣ್ಣೆಯ ಡಬ್ಬಿ ನೆನಪಾಯಿತು. ಒಂದೇ ತೂತು ಹೊಡೆದರೆ ಎಣ್ಣೆ ಮುಕ್ಕರಿಸುತ್ತ ತಡೆತಡೆದು ಬರುತ್ತದೆ. ಗಾಳಿಗೊಂದು ತೂತು ಹೊಡೆದರೆ ಸರಾಗ ಇಳಿಯುತ್ತದೆ.

ಗಾಳಿಯ ತೂತು ಮುಚ್ಚಿದ್ದು ಯಾರೆಂದೂ ಅವಳಿಗೆ ಗೊತ್ತಿತ್ತು. ಪೈಪು ಕೂಡಿಸಲು ಲಿಂಗಸುಗೂರಿನಿಂದ ಬಂದಿದ್ದ ಜಿಲಾನಿಸಾಬ್ ಹೋಗುವಾಗ ಹೇಳಿದ್ದ: "ಎರಡೂ ಬೇಸಿನ್ನಿನ ನೀರು ಗ್ವಾಡಿಯೊಳಗ ಒಂದ ಪೈಪಿಗೆ ಕೂಡಿ ಹಿತ್ತಲ ಗುಂಡಿಗೆ ಹೋಗ್ತೈತ್ರಿ. ಇದೊಂದು ಗಾಳಿಪೈಪು, ಮಾಳಿಗಿ ಮ್ಯಾಲ ಬಿಟ್ಟೀನಿ. ಇದರ ಬಾಯಿ ಮುಚ್ಚಬ್ಯಾಡ್ರಿ."

ಅವನ ಬಂಡಿ ಓಣಿ ದಾಟುವುದರೊಳಗೆ ಕರಿಬಸಪ್ಪ ಮಾಳಿಗೆ ಹತ್ತಿದ್ದ. "ಬಚ್ಚಲದ ಉಸಿರು ದೇವರಮನಿ ನೆತ್ತಿ ಮ್ಯಾಲ ಬಿಡೂದೇನು?" ಮಸ್ಕಿಯಿಂದ ಹಿತ್ತಾಳೆಯ ಕಳಶ ತರಿಸಿ, ಆ ಪೈಪಿನ ಬಾಯಿಗೆ ಕೂಡಿಸಿ, ಸುತ್ತ ಸಿಮೆಂಟು ಮೆತ್ತಿಸಿದ. ಬಿಸಿಲಿಗೆ ಅದು ಥಳಥಳ ಹೊಳೆಯಿತು. ಮುಕ್ಕುಂದದ ಕಡೆಯಿಂದ ಬರುವ ಬಂಡಿಯವರು ಯಾವ ದೇವರೋ ಏನೋ ಎಂದು ತಲೆಯ ಪಟಗ ತೆಗೆದು ಕೈ ಮುಗಿಯತೊಡಗಿದರು. ಕರಿಬಸಪ್ಪ ಬೇಡ ಅನ್ನಲಿಲ್ಲ. ಮೋರಿಗೆ ಮಂದಿಯ ಕೈ ಮುಗಿಸಿದ ಪುಣ್ಯಾತ್ಮ ಆ ಸೀಮೆಯಲ್ಲಿ ಅವನೊಬ್ಬನೇ.

ಅಷ್ಟರಲ್ಲಿ ಅವನೇ ಕೈ ತೊಳೆಯಲು ಬಂದ. ಬಲಗಡೆಯ ಬೇಸಿನ್ನಿಗೆ ಕೈ ಹಾಕಿದವನು ಹಾವು ಮುಟ್ಟಿದವನಂತೆ ಹಿಂದೆ ಸರಿದ.

"ಇದೇನ ಇದು? ಯಾರ ಎಂಜಲು?"

"ಅಣ್ಣ ಬಾಯಿ ತೊಳಕೊಂಡಿದ್ದು. ಆ ಕಡೆಯಿಂದ ಬಂದೈತಿ."

"ಶಿವಶಿವಾ! ನಮ್ಮ ಬೇಸಿನ್ನಿಗೆ?"

"ಮ್ಯಾಲ ಎರಡು ಮಾಡಿಸೀರಿ, ಒಳಗ ಗಂಟಲು ಒಂದ ಐತಿ. ಆ ಕಳಶ ಕಿತ್ತಿಸ್ರಿ, ಗಾಳಿ ಆಡಲಿ. ಅವರವರ ನೀರು ಅವರವರ ಪಾಡಿಗೆ ಇಳಿತೈತಿ."

"ಕಳಶ ಕೀಳೂದಾ? ಮಂದಿ ಕೈ ಮುಗಿಯಾಕತ್ತಾರ. ನಾಳೆ ಅದು ಬಚ್ಚಲ ಪೈಪಾಗಿತ್ತು ಅಂತ ಡಂಗುರ ಹೊಡೀಲೇನು?"

ಅವನು ಕೈಯನ್ನು ಧೋತರಕ್ಕೆ ತಿಕ್ಕಿ ತಿಕ್ಕಿ ಒರೆಸಿದ. ಕಟ್ಟೆಯ ಕಡೆ ಕಣ್ಣು ಹಾಯಿಸಿ ದನಿ ಇಳಿಸಿದ. ಮುಂಜಾನೆಯ ಆ ದನಿ ಎಲ್ಲಿ ಹೋಯಿತೋ!

"ಕೇಳಿಲ್ಲೆ. ಇನ್ನ ಮ್ಯಾಲ ಅವ ಹಿತ್ತಲದಾಗ ಅರಿವಿ ಒಗಿಯೂ ಕಲ್ಲಿನ ಮ್ಯಾಲ ಕೈ ತೊಳಕೊಳ್ಳಲಿ. ಅಲ್ಲೇ ಒಂದು ತಂಬಿಗಿ ಇಡು."

"ಅವನ ಕೈಯಿಂದ ಬಳಿ ಇಟಗೊಂಡ್ರ ನನಗ ಮುತ್ತೈದಿತನ. ಅವ ಕೈ ತೊಳಕೊಂಡ ನೀರು ನಿಮಗ ಮೈಲಿಗಿ. ಚಾಂದ್‌ಬೀ ಕೊಟ್ಟ ನೀರು ಎಲ್ಲಿ ಉಗುಳಿದ್ರಿ?"

"ಅದ ಆಪತ್ತಿನ ಕಾಲ, ಬ್ಯಾರೆ ಮಾತು. ಮತ್ತ ನಾ ಹೇಳಿದ್ರ ಚಂದ ಕಾಣಂಗಿಲ್ಲ. ಅಣ್ಣ ಅಣ್ಣ ಅಂತೀಯಲ್ಲ, ನೀನ ಹೋಗಿ ಹೇಳು. ನಗನಗತಾ ಹೇಳು."

ಕಟ್ಟೆಯಿಂದ ಅಮೀನ್‌ಸಾಬ್ ಕೂಗಿದ: "ತಂಗೆವ್ವಾ, ಬಳಿ ಮಲಾರದ ಗಂಟು ಹೊತಗೊಂಡೆ. ಬರ್ತೀನಿ!"

"ಹೋಗು, ಈಗ ಹೇಳಿಬಿಡು," ಎಂದು ಕರಿಬಸಪ್ಪ ಅವಳ ಮೊಣಕೈ ದೂಡಿದ.

ಶಿವಬಸಮ್ಮ ಪುಂಡಿಪಲ್ಯದ ಚೂರನ್ನು ಬರಿಗೈಯಿಂದಲೇ ಎತ್ತಿ ಆಚೆ ಹಾಕಿದಳು. ಅದೇ ನೀರಿನಲ್ಲಿ ಎರಡೂ ಕೈ ಅದ್ದಿ ತೊಳೆದುಕೊಂಡಳು.

"ಹೇಳಂಗಿಲ್ಲ," ಅಂದಳು.