ಎಡಗಡೆಯ ಕೆಳಮೂಲೆ

"ಎಡಗಡೆ ಕೆಳಮೂಲೆ ನೋಡಿ," ಎಂದರು ಓಗುಚಿ, ಟಿವಿ ಪರದೆಗೆ ಬೆತ್ತ ತಾಗಿಸಿ. "ಅಕ್ಷರ ಅನ್ನೋದು ಇದ್ಯಾ ಅಲ್ಲಿ? ಗಂಜಿ ಚೆಲ್ಲಿದ ಹಾಗಿದೆ."

ಪರದೆಯ ಮೇಲೆ ಹೋದ ಭಾನುವಾರದ ಪತ್ರಿಕೆಯ ಆರು ಹಾಳೆಗಳಿದ್ದವು. ತಲೆಬರಹ, ನಡುವಿನ ಸುದ್ದಿ, ಬಲಗಡೆಯ ಔಷಧಿ ಜಾಹೀರಾತು, ಎಲ್ಲ ಕೊರೆದಿಟ್ಟಷ್ಟು ಸ್ಪಷ್ಟ. ಎಡಗಡೆ ಕೆಳಗೆ, ಹವಾಮಾನದ ಅಂಕಣ ಇರಬೇಕಾದ ಜಾಗದಲ್ಲಿ ಮಾತ್ರ ಬೂದಿಬಣ್ಣದ ಮಸುಕು. ಆ ಚಿತ್ರ ತೆಗೆದ ಲೆನ್ಸು ಕಿನುಯೊ ಮಿಯಾಸಾಕಾಳದು. ಅದರ ಮುಂದಿನ ಗಾಜನ್ನು ಉಜ್ಜಿ ಹೊಳಪು ಕೊಟ್ಟವಳೂ ಅವಳೇ.

ಜಪಾನಿನ ಒಕಾಯಾ ಊರಿನ ಸಮುದಾಯ ಭವನದ ಚಾಪೆ ಹಾಸಿದ ಕೋಣೆಯಲ್ಲಿ ಅವತ್ತು ಫೋಟೋ ಬಳಗದ ಲೆನ್ಸ್ ಹೋಲಿಕೆ. ಪ್ರತಿ ಶರತ್ಕಾಲದಲ್ಲೂ ನಡೆಯುತ್ತದೆ. ಸದಸ್ಯರು ತಮ್ಮ ತಮ್ಮ ಹಳೆಯ ಲೆನ್ಸು ತರುತ್ತಾರೆ, ಒಂದೇ ಕ್ಯಾಮೆರಾಗೆ ಒಂದೊಂದಾಗಿ ಸಿಕ್ಕಿಸಿ ಜಾರುಬಾಗಿಲಿಗೆ ಅಂಟಿಸಿದ ಅದೇ ಪತ್ರಿಕೆಯ ಚಿತ್ರ ತೆಗೆಯುತ್ತಾರೆ, ಆಮೇಲೆ ಮೂಲೆ ಮೂಲೆ ಹಿಗ್ಗಿಸಿ ನೋಡಿ ಜಗಳವಾಡುತ್ತಾರೆ. ಹಿಮ, ಹೂವು, ಮೊಮ್ಮಕ್ಕಳು ಎಂದು ಹೊರಗೆ ಎಷ್ಟೇ ಚಿತ್ರ ತೆಗೆದರೂ ಈ ಜಗಳದ ರುಚಿಯೇ ಬೇರೆ. ಕೋಣೆಯ ನಾಲ್ಕು ಬಾಗಿಲುಗಳಲ್ಲಿ ನಡುವಿನ ಎರಡು ಒಂದೇ ಜಾಡಿನಲ್ಲಿ ಓಡುತ್ತವೆ, ಹಾಗಾಗಿ ಮಟ್ಟಸವಾಗಿರುತ್ತವೆ. ಪತ್ರಿಕೆ ಅಂಟಿಸಿದರೆ ಅವೆರಡಕ್ಕೇ ಅಂಟಿಸಬೇಕು ಎಂದು ಕಟ್ಟಳೆ ಮಾಡಿದವರು ಅಧ್ಯಕ್ಷ ಓಗುಚಿ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಯಾರಾದರೂ ಚಪ್ಪಲಿಯನ್ನು ಸೊಟ್ಟಗೆ ಬಿಟ್ಟರೂ ಕರೆದು ಹೇಳುವ ಮನುಷ್ಯ.

"ಇದ್ರಲ್ಲಿ ಆಶ್ಚರ್ಯ ಏನಿಲ್ಲ ಬಿಡಿ," ಎಂದು ಅವರು ಮುಂದುವರಿಸಿದರು. "ಲೆನ್ಸಿನ ಮೇಲಿನ ನಂಬರು ಎಂಟರಿಂದ ಶುರುವಾಗುತ್ತೆ. ಅಂದ್ರೆ ಗುಡ್ಡದ ಮೇಲಿನ ಶೆಡ್ಡಿನ ಮಾಲು. ಹೆಂಗಸರು ಅಡುಗೆ ಮುಗಿಸಿ ಬಂದು ಉಜ್ಜಿದ್ದು. ನನ್ನದು ಮೂರರ ನಂಬರು, ಮುಖ್ಯ ಕಾರ್ಖಾನೇದು. ಬೆಳಗ್ಗೆ ನೋಡಿದ್ರಲ್ಲ, ನಾಲ್ಕು ಮೂಲೇನೂ ಕನ್ನಡಿ."

"ನಂದೂ ನಾಲ್ಕು ಮೂಲೆ ಒಂದೇ ಸಮ ಇತ್ತಲ್ಲ ಅಧ್ಯಕ್ಷರೇ," ಎಂದ ಕ್ಷೌರಿಕ ಯಾಜಾಕಿ. ಅವನ ಲೆನ್ಸು ಗುಜರಿ ಬುಟ್ಟಿಯಿಂದ ಆರಿಸಿದ್ದು. ಚಹಾ ಆದಮೇಲೆ ಮೊದಲು ಅದನ್ನೇ ನೋಡಿದ್ದರು. ಒಳಗೆಲ್ಲ ಬೂಷ್ಟು ಹಿಡಿದು, ಇಡೀ ಪತ್ರಿಕೆ ಸ್ನಾನದ ಮನೆಯ ಹಬೆಯಲ್ಲಿ ಮುಳುಗಿದಂತೆ ಬಂದಿತ್ತು. ಎಲ್ಲರೂ ನಕ್ಕರು. ಕಿನುಯೊ ನಗಲಿಲ್ಲ.

ನಾಳೆ ಬೆಳಗ್ಗೆ ಬಳಗದ ನಲವತ್ತನೇ ವರ್ಷದ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಓಗುಚಿಯವರ ಹತ್ತು ವರ್ಷದ ಲೆನ್ಸ್ ಹೋಲಿಕೆ ಪಟ್ಟಿಯಾಗಿ ಬರುತ್ತದೆ. ಕಡೆಯ ಸಾಲೊಂದು ಖಾಲಿ ಉಳಿದಿತ್ತು. ಓಗುಚಿ ಪೆನ್ನು ತೆಗೆದು ಬರೆಯುತ್ತಾ, ಬರೆದದ್ದನ್ನು ಗಟ್ಟಿಯಾಗಿ ಓದಿದರು: "ಗುಡ್ಡದ ಶೆಡ್ಡು. ಮೂಲೆ ಮಸುಕು. ಹೆಂಗಸರ ಕೈಕೆಲಸದ ಏರುಪೇರು."

ಪುಸ್ತಕ ಊರಿನ ಗ್ರಂಥಾಲಯಕ್ಕೂ ಹೋಗುತ್ತದೆ, ಶಾಲೆಗೂ ಹೋಗುತ್ತದೆ. ಆ ಶೆಡ್ಡು ಹಿಂದೆ ರೇಷ್ಮೆ ನೂಲು ತೆಗೆಯುವ ಗಿರಣಿಯಾಗಿತ್ತು. ಅಲ್ಲೇ ಕಿನುಯೊಳ ತಾಯಿ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಗೂಡು ಬಿಚ್ಚಿದ್ದಳು. ಅದು ಲೆನ್ಸ್ ಕಾರ್ಖಾನೆಯ ಕೈಗೆ ಬಂದ ಮೇಲೆ ಕಿನುಯೊ ಅಲ್ಲೇ ಹದಿನೆಂಟು ವರ್ಷ ಗಾಜು ಉಜ್ಜಿದ್ದಳು. ಹದಿನಾಲ್ಕು ಜನ ಹೆಂಗಸರು, ಉಗುರಿನ ಸಂದಿಯಿಂದ ಗಾಜುಜ್ಜುವ ಕೆಂಪು ಪುಡಿ ಬಿಟ್ಟುಹೋಗದ ಹದಿನಾಲ್ಕು ಜೊತೆ ಕೈಗಳು. ಎಂಟು ಜನ ಈಗ ಇಲ್ಲ. ಶೆಡ್ಡು ಮುಚ್ಚಿದ ದಿನ ಮೇಸ್ತ್ರಿ ಹಮಾ ಕಡೆಯ ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟಿದ್ದ. ಇಷ್ಟು ವರ್ಷ ಅದನ್ನು ಅವಳು ಯಾರ ಮುಂದೆಯೂ ತಂದಿರಲಿಲ್ಲ. ಇವತ್ತು ತಂದಳು, ಇದಕ್ಕೆ.

ಪಕ್ಕದಲ್ಲಿ ಕೂತಿದ್ದ ಫುಸಾಎ ಅವಳ ತೊಡೆ ಚಿವುಟಿದಳು. ಶೆಡ್ಡಿನಲ್ಲಿ ಪಕ್ಕದ ಯಂತ್ರ ಅವಳದೇ. ಬಳಗಕ್ಕೆ ಅವಳು ಬರುವುದು ಉಪ್ಪಿನಕಾಯಿ ಹಂಚಲಿಕ್ಕೆ ಮತ್ತು ಎಲ್ಲರನ್ನೂ ಆಡಿಕೊಳ್ಳಲಿಕ್ಕೆ. "ಏನೇ ಕಿನು, ಬಾಯಿಗೆ ಅಂಟು ಹಾಕ್ಕೊಂಡಿದೀಯ? ನಮ್ಮ ಮರ್ಯಾದೆ ಹೋಗ್ತಾ ಇದೆ ಕಣೆ."

ಕಿನುಯೊ ಮಸುಕನ್ನೇ ನೋಡುತ್ತಿದ್ದಳು. ಶೆಡ್ಡಿನಲ್ಲಿ ಉಜ್ಜಿದ ಗಾಜನ್ನು ಮಾದರಿ ಗಾಜಿನ ಮೇಲಿಟ್ಟರೆ ಬಣ್ಣದ ಬಳೆಗಳು ಕಾಣುತ್ತಿದ್ದವು. ಬಳೆ ದುಂಡಗಿದ್ದರೆ ಪಾಸು, ಸೊಟ್ಟಗಿದ್ದರೆ ಮತ್ತೆ ಉಜ್ಜು. ಹೊಸ ಹುಡುಗಿಯರು ಸೊಟ್ಟ ಬಳೆ ಕಂಡ ತಕ್ಷಣ ಅಳಲು ಶುರುಮಾಡಿದರೆ ಹಮಾ ಗದರುತ್ತಿದ್ದ: ಅಳೋಕ್ ಮುಂಚೆ ತಿರುಗಿಸಿ ನೋಡು. ಗಾಜು ತಿರುಗಿಸಿದಾಗ ಸೊಟ್ಟವೂ ಜೊತೆಗೆ ತಿರುಗಿದರೆ ತಪ್ಪು ನಿನ್ನದು. ನಿಂತಲ್ಲೇ ನಿಂತರೆ ತಪ್ಪು ಮಾದರಿಯದು.

"ಅಧ್ಯಕ್ಷರೇ, ಇನ್ನೊಂದು ಸಲ ತೆಗೀಬೇಕು," ಎಂದಳು ಕಿನುಯೊ. "ಕ್ಯಾಮೆರಾನ ಅಡ್ಡ ಮಲಗಿಸಿ ತೆಗೀಬೇಕು."

"ಯಾಕಂತೆ?"

"ಕ್ಯಾಮೆರಾ ಮಲಗಿಸಿದ್ರೆ ಲೆನ್ಸೂ ಜೊತೇಲೇ ತಿರುಗುತ್ತೆ. ತಪ್ಪು ನನ್ನ ಗಾಜಿಂದಾದ್ರೆ ಮಸುಕು ಪತ್ರಿಕೆಯ ಬೇರೆ ಮೂಲೆಗೆ ಹೋಗ್ಬೇಕು. ಅಲ್ಲೇ ಕೂತಿದ್ರೆ ತಪ್ಪು ಬಾಗಿಲಿಂದು."

ಓಗುಚಿ ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಕ್ಕರು. "ಮಿಯಾಸಾಕಾ ಅವ್ರೇ, ಕುಣಿಯೋಕ್ ಬರದೋಳು ನೆಲ ಡೊಂಕು ಅಂದ್ಲಂತೆ. ಅದೇ ಬಾಗಿಲು, ಅದೇ ಪತ್ರಿಕೆ. ಬೆಳಗ್ಗೆ ನನ್ನ ಲೆನ್ಸಿಗೆ ಸರಿ ಇದ್ದ ಬಾಗಿಲು ಈಗ ನಿಮ್ಮ ಮೇಲೆ ಮುನಿಸ್ಕೊಂಡಿತಾ?"

"ತೆಗೆಯೋಕೆ ಏನು ಖರ್ಚು, ಅಧ್ಯಕ್ಷರೇ?" ಎಂದು ಯಾಜಾಕಿ ಆಗಲೇ ಎದ್ದಿದ್ದ. ಸ್ಟ್ಯಾಂಡನ್ನು ಒಂದು ಹೆಜ್ಜೆ ಹಿಂದಕ್ಕಿಟ್ಟು, ಕ್ಯಾಮೆರಾವನ್ನು ಮಗ್ಗುಲಿಗೆ ಮಲಗಿಸಿದ. ಕಿನುಯೊ ಎರಡು ಬೆರಳಲ್ಲಿ ಲೆನ್ಸಿನ ಬಳೆಯನ್ನು ತಿರುಗಿಸಿ ಫೋಕಸ್ ಮಾಡಿದಳು. ಕ್ಲಿಕ್ ಎಂದಿತು. ಚಿತ್ರ ಪರದೆಗೆ ಬಂತು.

ಹವಾಮಾನದ ಅಂಕಣ ಅದೇ ಎಡಗಡೆ, ಅದೇ ಕೆಳಗೆ, ಅದೇ ಗಂಜಿಯಲ್ಲಿ ಮುಳುಗಿತ್ತು. ಉಳಿದ ಯಾವ ಮೂಲೆಗೂ ಮಸುಕು ಹೋಗಿರಲಿಲ್ಲ.

ಕಿನುಯೊ ಎದ್ದು ಬಾಗಿಲ ಬಳಿ ಹೋಗಿ ಮಂಡಿಯೂರಿ ಕೂತಳು. ಕೆಳಗಿನ ಜಾಡಿನುದ್ದಕ್ಕೂ ಬೆರಳು ಎಳೆದಳು. ಬಲಗಡೆಯ ಬಾಗಿಲು ಸರಿಯಾಗಿ ಕೂತಿತ್ತು. ಎಡಗಡೆಯದರ ಬುಡ ಜಾಡಿನಿಂದ ಹೊರಗೆ ಬಂದು, ಎರಡು ಬೆರಳಿನಷ್ಟು ಕೋಣೆಯೊಳಕ್ಕೆ ನಿಂತಿತ್ತು. ನಿಂತು ನೋಡಿದರೆ ಕಾಣುವುದಿಲ್ಲ, ಕೂತರೆ ಮಾತ್ರ ಕಾಣುತ್ತದೆ.

"ಅಧ್ಯಕ್ಷರೇ, ನೆಲ ನಿಜವಾಗ್ಲೂ ಡೊಂಕೇ ಇದ್ಯಲ್ಲ," ಎಂದ ಯಾಜಾಕಿ.

"ಯಾರು ಹಾಕಿದ್ದು ಈ ಬಾಗಿಲು?" ಓಗುಚಿ ಸಿಡುಕಿದರು. "ಬಾಗಿಲು ಅಂದ್ರೆ ಕೂತು ಎರಡು ಕೈಲಿ ಹಾಕ್ಬೇಕು. ಎಷ್ಟು ಸಲ ಹೇಳಿದೀನಿ."

ಫುಸಾಎ ಬಾಯಲ್ಲಿದ್ದ ಉಪ್ಪಿನಕಾಯಿ ಸೊಪ್ಪನ್ನು ನಿಧಾನವಾಗಿ ಅಗಿದು ನುಂಗಿದಳು. "ನಾನು ಬಾಗಿಲಿಗೆ ಎದುರಾಗೇ ಕೂತಿದ್ದೆ. ಚಹಾ ತಂದಾಗ ಹಾಕಿದ್ದು. ಕೈಲಿ ತಟ್ಟೆ ಇತ್ತಲ್ಲ, ಪಾಪ, ಕಾಲಲ್ಲೇ ತಳ್ಳಿದ್ರು. ಬೂದಿಬಣ್ಣದ ಕಾಲುಚೀಲ. ಹೆಬ್ಬೆರಳ ಹತ್ರ ಹೊಲಿಗೆ ಹಾಕಿದೆ."

ಎಲ್ಲರ ಕಣ್ಣೂ ನೆಲಕ್ಕೆ ಇಳಿದವು. ಚಹಾ ತಂದವರು ಓಗುಚಿ. ಅವರು ಬಲಗಾಲನ್ನು ಎಡಗಾಲಿನ ಹಿಂದಕ್ಕೆ ಎಳೆದುಕೊಂಡರು. ಕಿವಿ ಕೆಂಪಗಾಯಿತು.

ಕಿನುಯೊ ಬಾಗಿಲ ಬುಡಕ್ಕೆ ಎರಡೂ ಅಂಗೈ ಕೊಟ್ಟು, ಸ್ವಲ್ಪ ಎತ್ತಿ ಒತ್ತಿದಳು. ಟಕ್ ಎಂದು ಜಾಡಿಗೆ ಬಿತ್ತು. ಕ್ಯಾಮೆರಾವನ್ನು ಮತ್ತೆ ಮೊದಲಿನಂತೆ ಇಟ್ಟು, ಅವಳ ಲೆನ್ಸಿನಲ್ಲಿ ಒಂದು, ಓಗುಚಿಯವರ ಲೆನ್ಸಿನಲ್ಲಿ ಒಂದು ತೆಗೆದರು.

ಓಗುಚಿ ಸೋಲು ಒಪ್ಪುವ ಜಾತಿಯವರಲ್ಲ. "ಸರಿ. ಬಾಗಿಲಿನ ತಪ್ಪು. ಆದರೆ ಹೋಲಿಕೆ ಹೋಲಿಕೆನೇ. ನಂಬರು ಮುಚ್ಚಿ ಎರಡನ್ನೂ ತೋರಿಸಿ ಯಾಜಾಕಿ. ಮುಖ್ಯ ಕಾರ್ಖಾನೇದು ಯಾವುದು ಅಂತ ನಾನು ಹೇಳ್ತೀನಿ."

ಯಾಜಾಕಿ ಅದೇ ಎಡಗಡೆಯ ಕೆಳಮೂಲೆಯನ್ನು ಎರಡೂ ಚಿತ್ರಗಳಿಂದ ಹಿಗ್ಗಿಸಿ ಪಕ್ಕಪಕ್ಕ ಹಾಕಿದ. ಓಗುಚಿ ಕನ್ನಡಕ ಏರಿಸಿ, ಇಳಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಫುಸಾಎ ಕಿನುಯೊಳ ಕೈ ಹಿಡಿದುಕೊಂಡಳು.

"ಇದು," ಎಂದರು ಓಗುಚಿ, ಬಲಗಡೆಯದಕ್ಕೆ ಬೆತ್ತ ತಾಗಿಸಿ. "ಅನುಮಾನವೇ ಬೇಡ. ಉಷ್ಣಾಂಶದ ಈ ಸೊನ್ನೆ ನೋಡಿ, ಒಳಗಿನ ಬಿಳಿ ಹೇಗೆ ಉಳ್ಕೊಂಡಿದೆ. ಇನ್ನೊಂದರಲ್ಲಿ ಸ್ವಲ್ಪ ತುಂಬಿಹೋಗಿದೆ. ಇಂಥ ಕೈ ಮುಖ್ಯ ಕಾರ್ಖಾನೇಲಿ ಮಾತ್ರ ಇತ್ತು."

ಯಾಜಾಕಿ ನಂಬರು ತೆರೆದ. ಬಲಗಡೆಯ ಚಿತ್ರದ ಕೆಳಗೆ ಎಂಟರಿಂದ ಶುರುವಾಗುವ ಸಂಖ್ಯೆ ಇತ್ತು.

ಮೊದಲು ನಕ್ಕವಳು ಫುಸಾಎ. ಅವಳ ನಗುವಿಗೆ ಇಡೀ ಕೋಣೆ ಸೇರಿಕೊಂಡಿತು. ಕಿನುಯೊಗೆ ನಗುವೂ ಅಳುವೂ ಒಟ್ಟಿಗೇ ಬಂದು, ಏಪ್ರನ್ನಿನ ತುದಿಯಲ್ಲೇ ಮುಖ ಒರೆಸಿಕೊಂಡಳು. ಅರವತ್ತೊಂಬತ್ತು ವರ್ಷದಲ್ಲಿ ಇಷ್ಟು ಹಗುರ ಅವಳಿಗೆ ಎಂದೂ ಆಗಿರಲಿಲ್ಲ.

ಓಗುಚಿ ಬೆತ್ತವನ್ನು ಗೋಡೆಗೆ ಒರಗಿಸಿ, ಕೂತು, ಪೆನ್ನು ತೆಗೆದು ಆ ಕಡೆಯ ಸಾಲನ್ನು ಹೊಡೆದುಹಾಕಿದರು. ಮನುಷ್ಯ ಜಂಬಗಾರನಿರಬಹುದು, ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವವನಲ್ಲ.

"ಏನಂತ ಬರೀಲಿ, ಮಿಯಾಸಾಕಾ ಅವ್ರೇ?"

"ಹೆಸರು ಬರ್ಕೊಳಿ," ಎಂದಳು ಕಿನುಯೊ. "ಹದಿನಾಲ್ಕಿವೆ."

"ಹದಿನಾಲ್ಕಾ? ಅಷ್ಟು ಜಾಗ ಇಲ್ವಲ್ಲ ಪಟ್ಟೀಲಿ."

"ನಿಮ್ಮ ಮುನ್ನುಡಿ ಎರಡು ಪುಟ ಇದ್ಯಲ್ಲ ಅಧ್ಯಕ್ಷರೇ," ಎಂದ ಯಾಜಾಕಿ. "ಒಂದಿಷ್ಟು ಕತ್ತರಿಸಿ. ಬೇಕಾದ್ರೆ ನನ್ನ ಕತ್ತರಿ ಕೊಡ್ತೀನಿ."

ಕಿನುಯೊ ಯಂತ್ರಗಳ ಸಾಲನ್ನು ಮನಸ್ಸಿನಲ್ಲೇ ನಡೆದುಕೊಂಡು ಹೋದಳು. ಕಿಟಕಿಯ ಪಕ್ಕದ ತೊಮಿಜೊ, ಅವಳ ಆಚೆ ಮಸುಎ, ಕೆಮ್ಮುತ್ತಲೇ ಉಜ್ಜುತ್ತಿದ್ದ ಹಾತ್ಸುನೊ. ಮರೆತಲ್ಲಿ ಫುಸಾಎ ನೆನಪು ಮಾಡಿದಳು. ಓಗುಚಿ ಪ್ರತಿ ಹೆಸರನ್ನೂ ಯಾವ ಯಾವ ಅಕ್ಷರ ಕೂಡಿಸಿ ಬರೆಯಬೇಕು ಎಂದು ಕೇಳಿ, ಬ್ಯಾಂಕಿನಲ್ಲಿ ಬರೆಯುತ್ತಿದ್ದಷ್ಟೇ ದುಂಡಗೆ ಬರೆದುಕೊಂಡರು. ಫುಸಾಎಯ ಹೆಸರು ಹದಿಮೂರನೆಯದಾಗಿ ಬಂತು. ಅವಳು ಅಂದು ಮೊದಲ ಬಾರಿಗೆ ಏನೂ ಆಡಿಕೊಳ್ಳಲಿಲ್ಲ.

"ಗಂಟಲು ಒಣಗಿತು," ಎಂದು ಕಡೆಗೆ ಯಾಜಾಕಿ ಏಳಹೊರಟ.

"ಕೂತ್ಕೊಳಿ. ನಾನು ತರ್ತೀನಿ," ಎಂದು ಓಗುಚಿ ಹೊರಗೆ ಹೋದರು.

ಸ್ವಲ್ಪ ಹೊತ್ತಿಗೆ ಬಾಗಿಲಾಚೆ ತಟ್ಟೆಯನ್ನು ನೆಲಕ್ಕಿಟ್ಟ ಸದ್ದಾಯಿತು. ಆಮೇಲೆ ಮಂಡಿ ನೆಲಕ್ಕೆ ತಾಗಿದ ಸದ್ದು, ಒಂದು ಸಣ್ಣ ನರಳಿಕೆ. ಬಾಗಿಲು ಮೆಲ್ಲಗೆ ಸರಿಯಿತು. ಓಗುಚಿ ಕೂತುಕೊಂಡೇ ತಟ್ಟೆಯನ್ನು ಒಳಗಿಟ್ಟು, ತಾವೂ ಒಳಗೆ ಬಂದು ಮತ್ತೆ ಮಂಡಿಯೂರಿದರು. ಎರಡೂ ಕೈಯಿಂದ ಬಾಗಿಲನ್ನು ಎಳೆದರು. ಹವಾಮಾನದ ಅಂಕಣವಿದ್ದ ಹಾಳೆ ನಿಧಾನವಾಗಿ ಬಂದು ಪಕ್ಕದ ಹಾಳೆಗೆ ಕೂಡಿಕೊಂಡಿತು.